ಬಿಪಿ ಮಾತ್ರೆ ತಗೊಳ್ಳುವವರಿಗೆ ಸುಮ್ನೆ ನೋವಿನ ಮಾತ್ರೆ ತಂದು ಕೊಡಬೇಡಿ

ನಾಲ್ಕು ತಿಂಗಳ ಹಿಂದೆ ನನ್ನ ಅಪ್ಪ ಬಚ್ಚಲುಮನೆ ಬಾಗಿಲಲ್ಲಿ ಕುಸಿದು ಕೂತರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕ್ರಿಯೇಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ) 2.6 ಬಂತು. ಹಿಂದಿನ ವರ್ಷ 1.0 ಇತ್ತು. ಕಿಡ್ನಿ ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ. ಹಾಗಂತ ಅವರಿಗೆ ಹೊಸ ಕಾಯಿಲೆ ಯಾವುದೂ ಬಂದಿರಲಿಲ್ಲ. ಔಷಧಿ ಅಂಗಡಿಯಿಂದ ಒಂದೊಂದಾಗಿ ನಾವೇ ತಂದು ಕೊಟ್ಟ ಮಾತ್ರೆಗಳು ಅವರನ್ನು ಅಲ್ಲಿಗೆ ತಂದಿದ್ದವು. ಮನೆಯಲ್ಲಿ ಬಿಪಿ ಇರುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ ಒಂಬತ್ತು ವರ್ಷದಿಂದ ಬಿಪಿ. ಬೆಳಿಗ್ಗೆ ಒಂದೇ ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಎರಡೂ ಸೇರಿದ್ದವು. 128/80ರ ಆಸುಪಾಸಿನಲ್ಲಿ ಚೆನ್ನಾಗಿ ನಿಂತಿತ್ತು. ಆಮೇಲೆ ಮಂಡಿನೋವು ಶುರುವಾಯಿತು. ಅಂಗಡಿಗೆ ಹೋಗಿ, "ಮಂಡಿನೋವಿಗೆ ಏನಾದ್ರೂ ಕೊಡಿ" ಅಂದೆ. ಡೈಕ್ಲೋಫೆನಾಕ್ ಕೊಟ್ಟರು. ಯಾರಿಗೆ, ವಯಸ್ಸೆಷ್ಟು, ಬೇರೆ ಏನು ತಗೊಳ್ತಾರೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಪ್ರತಿ ತಿಂಗಳು ಬಿಪಿ ಮಾತ್ರೆ ತರುತ್ತಿದ್ದದ್ದೂ ಅದೇ ಅಂಗಡಿಯಿಂದ.

ಆರು ವಾರ ಕಳೆದ ಮೇಲೆ ಬಿಪಿ ನೋಡಿಸಿದರೆ 158/94. ಮಾತ್ರೆ ತಪ್ಪಿಸಿದ್ದೀರಾ, ಉಪ್ಪು ಜಾಸ್ತಿ ಆಗಿದೆಯಾ ಅಂತ ಡಾಕ್ಟರ್ ಕೇಳಿದರು. ಇಲ್ಲ ಅಂದೆವು. ನೋವಿನ ಮಾತ್ರೆಯ ವಿಷಯ ನಮ್ಮ ಬಾಯಿಗೇ ಬರಲಿಲ್ಲ. ಅದಕ್ಕೂ ಬಿಪಿಗೂ ಏನು ಸಂಬಂಧ ಅಂದುಕೊಂಡಿದ್ದೆವು. ನಿಜವಾಗಿ ಸಂಬಂಧ ದೊಡ್ಡದೇ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಉಪ್ಪನ್ನೂ ನೀರನ್ನೂ ಮೈಯಲ್ಲೇ ಹಿಡಿದಿಡುತ್ತವೆ. ಬಿಪಿಯ ಹಲವು ಮಾತ್ರೆಗಳ ಶಕ್ತಿಯನ್ನೂ ತಗ್ಗಿಸುತ್ತವೆ.

ಬಿಪಿ ಏರಿದೆ ಅಂತ ಡಾಕ್ಟರ್ ಆಮ್ಲೊಡಿಪಿನ್ 5 ಸೇರಿಸಿದರು. ಮೂರು ವಾರದಲ್ಲಿ ಅಪ್ಪನ ಪಾದ ಊದಿಕೊಂಡಿತು. ಚಪ್ಪಲಿ ಹಾಕಲೂ ಆಗುತ್ತಿರಲಿಲ್ಲ. ಮತ್ತೆ ಅಂಗಡಿಗೆ ಹೋದೆ. "ನೀರು ತುಂಬಿದೆ, ಇದು ಕೊಡಿ, ಇಳಿಯುತ್ತೆ" ಅಂತ ಫ್ಯೂರೋಸೆಮೈಡ್ ಕೊಟ್ಟರು. ಚೀಟಿ ಕೇಳಲಿಲ್ಲ. ಆಮ್ಲೊಡಿಪಿನ್ ತಗೊಳ್ಳುವವರಲ್ಲಿ ಪಾದ ಊದುವುದು ಆಗಾಗ ಕಾಣುವ ಅಡ್ಡಪರಿಣಾಮ. ರಕ್ತನಾಳ ಹಿಗ್ಗಿ ದ್ರವ ಸುತ್ತಲಿನ ಮಾಂಸಕ್ಕೆ ಜಿನುಗುವುದರಿಂದ ಅದು ಆಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಆಗುವ ಊತ ಅಲ್ಲದ ಕಾರಣ ನೀರಿಳಿಸುವ ಮಾತ್ರೆಯಿಂದ ಹೆಚ್ಚು ಪ್ರಯೋಜನ ಇಲ್ಲ. ಡೋಸ್ ಕಡಿಮೆ ಮಾಡಬೇಕು, ಇಲ್ಲವೇ ಮಾತ್ರೆ ಬದಲಿಸಬೇಕು. ಇದು ಓದಿ ಬಂದ ಫಾರ್ಮಸಿಸ್ಟ್‌ಗೆ ಗೊತ್ತಿರುವ ವಿಷಯ. ಅವತ್ತು ಕೌಂಟರಿನಲ್ಲಿ ಇದ್ದವರು ಫಾರ್ಮಸಿಸ್ಟ್ ಹೌದೋ ಅಲ್ಲವೋ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಇಷ್ಟರ ನಡುವೆ ಎರಡು ದಿನ ಭೇದಿ ಆಯಿತು. ಎಲ್ಲ ಮಾತ್ರೆಗಳನ್ನೂ ಅಪ್ಪ ಶ್ರದ್ಧೆಯಿಂದ ತಗೊಂಡರು. ಮೂರನೇ ದಿನ ಬೆಳಿಗ್ಗೆ ತಲೆಸುತ್ತಿ ಬಿದ್ದರು.

ಕಿಡ್ನಿಯ ಒಳಗೆ ಏನಾಯಿತು ಅಂತ ಆಸ್ಪತ್ರೆಯ ಫಾರ್ಮಸಿಸ್ಟ್ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ರಕ್ತ ಸೋಸುವ ಜಾಲರಿಗೆ ಒಂದು ನಾಳ ಒಳಗೆ ಬರುತ್ತದೆ, ಇನ್ನೊಂದು ಹೊರಗೆ ಹೋಗುತ್ತದೆ. ನೋವಿನ ಮಾತ್ರೆ ಒಳಗೆ ಬರುವ ನಾಳವನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಮೈಯ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಜಾಲರಿಯಲ್ಲಿ ರಕ್ತ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಅಪ್ಪನಿಗೆ ಮೂತ್ರ ಮಾಡಿಸುವ ಔಷಧಿ ಎರಡು ಇದ್ದವು, ಒಂದು ಬಿಪಿ ಮಾತ್ರೆಯ ಒಳಗೇ ಸೇರಿಕೊಂಡಿತ್ತು. ಮೇಲೆ ಭೇದಿ ಬೇರೆ.

ಆ ಫಾರ್ಮಸಿಸ್ಟ್ ಮೊದಲು ಹೇಳಿದ್ದು, "ಮನೆಯಲ್ಲಿರುವ ಮಾತ್ರೆ, ಮುಲಾಮು, ಸಿರಪ್, ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ" ಅಂತ. ತಂದುಕೊಟ್ಟೆ. ಮೇಜಿನ ಮೇಲೆ ಹರಡಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದಿದರು. ಅಲ್ಲೇ ಇನ್ನೊಂದು ವಿಷಯ ಹೊರಬಂತು. ನೋವು ಕಡಿಮೆಯಾಗಿಲ್ಲ ಅಂತ ಅಮ್ಮ ಬೇರೆ ಅಂಗಡಿಯಿಂದ ಬೇರೆ ಹೆಸರಿನ ಮಾತ್ರೆ ತಂದಿದ್ದರು. ಅದರ ಒಳಗೂ ಡೈಕ್ಲೋಫೆನಾಕೇ. ಅಪ್ಪ ದಿನವೂ ಎರಡರಷ್ಟು ನುಂಗುತ್ತಿದ್ದರು. ದೊಡ್ಡ ಅಕ್ಷರದ ಕಂಪನಿ ಹೆಸರನ್ನು ಮಾತ್ರ ನಾವು ನೋಡುತ್ತಿದ್ದೆವು. ಕೆಳಗಿನ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನು ಯಾರೂ ಓದಿರಲಿಲ್ಲ.

ಮೂರು ತಿಂಗಳು ನಮ್ಮ ಮನೆಗೆ ಬೇಕಾಗಿದ್ದದ್ದು ಇಂಥ ಅರ್ಧ ಗಂಟೆ. ಬಿಪಿ ಹಿಡಿತಕ್ಕೆ ಬರಲು ಫಾರ್ಮಸಿಸ್ಟ್ ಎಷ್ಟು ಮಾಡಬಲ್ಲರು ಅನ್ನುವುದಕ್ಕೆ ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ ಒಂದು ಅಧ್ಯಯನವೇ ನಡೆದಿದೆ. 2018ರಲ್ಲಿ ಪ್ರಕಟವಾಯಿತು. ಬಿಪಿ ಜಾಸ್ತಿ ಇದ್ದ 319 ಕಪ್ಪುವರ್ಣೀಯ ಗಂಡಸರು ಅದರಲ್ಲಿದ್ದರು. ಕೆಲವು ಅಂಗಡಿಗಳಿಗೆ ಫಾರ್ಮಸಿಸ್ಟ್‌ಗಳೇ ಹೋಗಿ ಬಿಪಿ ನೋಡಿ, ಗಿರಾಕಿಗಳ ಡಾಕ್ಟರ್‌ಗಳ ಒಪ್ಪಿಗೆಯಂತೆ ಮಾತ್ರೆ ಹೊಂದಿಸಿದರು. ಉಳಿದ ಅಂಗಡಿಗಳಲ್ಲಿ ಡಾಕ್ಟರನ್ನು ನೋಡಿ ಅಂತ ಕ್ಷೌರಿಕರು ಹೇಳಿ ಕಳಿಸಿದರು. ಆರು ತಿಂಗಳಲ್ಲಿ ಫಾರ್ಮಸಿಸ್ಟ್ ಇದ್ದ ಕಡೆ ಮೇಲಿನ ಬಿಪಿ ಸರಾಸರಿ 27ರಷ್ಟು ಇಳಿಯಿತು. ಇನ್ನೊಂದು ಕಡೆ 9ರಷ್ಟು. ಇದನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಸಂಕಟವೇ ಜಾಸ್ತಿ ಆಯಿತು.

ಹಾಗಾಗಿ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ತಲೆನೋವಿಗೋ ನೆಗಡಿಗೋ ಏನೇ ಕೊಳ್ಳಲು ಹೋದರೂ ಮೊದಲ ಮಾತು "ಇವರಿಗೆ ಬಿಪಿ ಇದೆ, ಈ ಮಾತ್ರೆ ತಗೊಳ್ತಾರೆ" ಅನ್ನುವುದಾಗಿರಲಿ. ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇರುವ ಮಾತ್ರೆಗಳು ರಕ್ತನಾಳವನ್ನು ಬಿಗಿ ಮಾಡಿ ಬಿಪಿ ಏರಿಸಬಲ್ಲವು. ನೀರಿಗೆ ಹಾಕಿದರೆ ನೊರೆ ಉಕ್ಕುವ ಹಲವು ಮಾತ್ರೆಗಳಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ತುಂಬಾ ಇರುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ತಗೊಳ್ಳುವವರಿಗೆ ಒಣಕೆಮ್ಮು ಬಂದರೆ ಸಿರಪ್ ತರುವ ಮೊದಲು ಕೇಳಿ, ಕೆಮ್ಮು ಆ ಮಾತ್ರೆಯದ್ದೇ ಇರಬಹುದು. ಆದಷ್ಟೂ ಒಂದೇ ಅಂಗಡಿಯಿಂದ ಎಲ್ಲವನ್ನೂ ತನ್ನಿ. ಅಲ್ಲಿ ಫಾರ್ಮಸಿಸ್ಟ್ ಯಾರು ಅಂತ ಕೇಳಿ ಅವರ ಹತ್ತಿರವೇ ಮಾತಾಡಿ. ಕೇಳಿದ್ದನ್ನೆಲ್ಲ ಸುಮ್ಮನೆ ಎತ್ತಿ ಕೊಡುವ ಅಂಗಡಿ ಎಷ್ಟೇ ಹತ್ತಿರ ಇದ್ದರೂ ಬೇಡ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಹೆದರಿಕೊಂಡು ಯಾವ ಬಿಪಿ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕ್ಲೋನಿಡಿನ್, ಅಟೆನೊಲಾಲ್ ತರಹದವನ್ನು ದಿಢೀರ್ ಬಿಟ್ಟರೆ ಬಿಪಿ ಅಥವಾ ಎದೆಬಡಿತ ಒಮ್ಮೆಲೇ ಏರಬಹುದು. ವಾಂತಿ, ಭೇದಿ ಆದ ದಿನ ಯಾವುದನ್ನು ತಗೊಳ್ಳಬೇಕು, ಯಾವುದನ್ನು ತಡೆಹಿಡಿಯಬೇಕು ಅಂತ ಡಾಕ್ಟರ್ ಹತ್ತಿರವೋ ಫಾರ್ಮಸಿಸ್ಟ್ ಹತ್ತಿರವೋ ಈಗಲೇ ಕೇಳಿ ಬರೆಸಿಟ್ಟುಕೊಳ್ಳಿ. ನಮ್ಮ ಹತ್ತಿರ ಆ ಚೀಟಿ ಇದ್ದಿದ್ದರೆ ಅಪ್ಪ ಬಹುಶಃ ಬೀಳುತ್ತಿರಲಿಲ್ಲ.

ನೋವಿನ ಮಾತ್ರೆ, ಫ್ಯೂರೋಸೆಮೈಡ್ ಎರಡನ್ನೂ ಡಾಕ್ಟರ್ ನಿಲ್ಲಿಸಿದರು. ಆಮ್ಲೊಡಿಪಿನ್ ಕೂಡ ಬೇಕಾಗಲಿಲ್ಲ. ಕಿಡ್ನಿ ನಿಧಾನಕ್ಕೆ ಚೇತರಿಸಿಕೊಂಡ ಮೇಲೆ ಹಳೆಯ ಬಿಪಿ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಮೊನ್ನೆ ನೋಡಿದಾಗ ಕ್ರಿಯೇಟಿನಿನ್ 1.3, ಬಿಪಿ 132/80. ಮಂಡಿನೋವು ಇನ್ನೂ ಇದೆ. ಡಾಕ್ಟರನ್ನು ಕೇಳಿಯೇ ಮುಲಾಮು ಹಚ್ಚುತ್ತಾರೆ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾರೆ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಇದೆ.