ವಿಜಯಪುರದ ಗಾಂಧಿ ಚೌಕ ಹತ್ರದ ಖಾನಾವಳಿ, ಬಿಸಿ ರೊಟ್ಟಿ ಮತ್ತ ಕಡಕ್ ರೊಟ್ಟಿ

ಗಾಂಧಿ ಚೌಕದಿಂದ ನಾಕೈದು ನಿಮಿಷ ನಡದ್ರ ಒಂದು ಸಣ್ಣ ಓಣಿ, ಅದರಾಗ ಹಸಿರು ಬಾಗಲದ್ದು ಈ ಖಾನಾವಳಿ. ಬೋರ್ಡಿನ ಮ್ಯಾಲ ಹೆಸರಿಲ್ಲ, ‘ಖಾನಾವಳಿ’ ಅಂತ ಅಷ್ಟ ಬರದಾರ, ಮ್ಯಾಪ್ ನೋಡಿ ಹೋದ್ರ ದಾರಿ ತಪ್ತೀರಿ, ಯಾರನ್ನರ ಕೇಳ್ರಿ, ತೋರಸ್ತಾರ.

130 ರೂಪಾಯಿಗೆ ಬಿಸಿ ಜ್ವಾಳದ ರೊಟ್ಟಿ ಸಾಕನ್ನೋ ತನಕ, ಎಣಗಾಯಿ, ಮಡಕಿಕಾಳ ಪಲ್ಯ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆನಿ ಮಸರು, ಹಸಿ ಉಳ್ಳಾಗಡ್ಡಿ, ಮೆಂತೆ ತಪ್ಪಲ, ಕಡೀಕ ಅನ್ನ ಸಾರು. ಸಾರು ಅಷ್ಟಕ್ಕಷ್ಟ. ಆದ್ರ ಎಣಗಾಯಿ ಮಾತ್ರ ಬ್ಯಾರೆನ ಐತ್ರಿ, ಗುರೆಳ್ಳು ಪುಡಿ ಸರಿಯಾಗಿ ಹುರದು ಹಾಕಿರ್ತಾರ, ಬದನಿಕಾಯಿ ಇಡೀ ಇದ್ರೂ ರೊಟ್ಟಿ ತುದೀಲೆ ಒತ್ತಿದ್ರ ಬಿಚ್ಕೊಂತೈತಿ.

ನಾನು ಊರು ಬಿಟ್ಟಿದ್ದು 2011ರಾಗ, ಆಗ ಇನ್ನೂ ಬಿಜಾಪುರ ಅಂತಿತ್ತು, 2014ಕ್ಕ ವಿಜಯಪುರ ಆತು. ಈಗ ಇಂಗ್ಲೆಂಡಿನ ರೆಡಿಂಗ್‌ನ್ಯಾಗ ಇರೋದು. ಖರೇ ಹೇಳ್ತೇನಿ, ಆಗ ನನಗ ರೊಟ್ಟಿ ಅಂದ್ರ ಸಿಟ್ಟು ಬರ್ತಿತ್ತು. ಹನ್ನೆರಡು ವರ್ಷಕ್ಕ ಒಲಿ ಮುಂದ ಕುಂಡ್ರಿಸಿದ್ರು, ರೊಟ್ಟಿ ದುಂಡಗ ಬರಲಿಲ್ಲಂದ್ರ ಬೈಗುಳ, ಮುಂದ ನೋಡಾಕ ಬಂದ ಬೀಗರು ಎಂಜಿನಿಯರಿಂಗ್ ಮಾರ್ಕ್ಸ್ ಕೇಳಲಿಲ್ಲ, ‘ರೊಟ್ಟಿ ಬಡಿಯಾಕ ಬರ್ತೈತಿಲ್ಲೋ ಹುಡುಗಿಗೆ’ ಅಂತ ಕೇಳಿದ್ರು. ಅವತ್ತ ಅನ್ಕೊಂಡಿದ್ದೆ, ಈ ಹಂಚಿನ ಮುಂದ ಮಾತ್ರ ಬಾಳೇವು ಕಳಿಯಂಗಿಲ್ಲ ಅಂತ.

ಅಲ್ಲಿ ಹೋಗಿ ಎರಡನೇ ಚಳಿಗಾಲಕ್ಕ ನಾನ ಗುಜರಾತಿ ಅಂಗಡಿ ಹುಡಕ್ಕೊಂಡು ಹೋಗಿ ಜುವಾರ್ ಅಂತ ಬರದಿದ್ದ ಹಿಟ್ಟಿನ ಪ್ಯಾಕೆಟ್ ತಂದೆ. ಜ್ವಾಳದಾಗ ಗೋಧಿ ಹಂಗ ಅಂಟು ಇರಂಗಿಲ್ಲ, ಕುದಿಯೋ ನೀರು ಹಾಕಿ ನಾದಬೇಕು, ಹಿಟ್ಟು ಹಳೇದಾದ್ರ ಜಿಗಿ ಹೋಗಿರ್ತೈತಿ, ಎಷ್ಟ ನಾದಿದ್ರೂ ಅಂಚು ಸೀಳ್ತೈತಿ. ಮೂರು ರೊಟ್ಟಿ ಹರದು ನಾಕನೇದು ಹಂಚಿನ ಮ್ಯಾಲ ಉಬ್ಬಿದಾಗ ನಾನು ನಿಂತಲ್ಲೇ ಅತ್ತೆ. ಅವತ್ತ ಗೊತ್ತಾತು, ನನಗ ಸಿಟ್ಟಿದ್ದದ್ದು ರೊಟ್ಟಿ ಮ್ಯಾಲ ಅಲ್ಲ, ಕೇಳಲಾರದ ನನ್ನ ಕೈಗೆ ಅದನ್ನ ಕೊಟ್ಟಿದ್ರಲ್ಲ, ಅದರ ಮ್ಯಾಲ. ಈಗ ನಮ್ಮ ಮನ್ಯಾಗ ಐತವಾರ ನಮ್ಮ ಯಜಮಾನ್ರ ರೊಟ್ಟಿ ಬಡೀತಾರ. ವಿಡಿಯೋ ಕಾಲ್‌ನ್ಯಾಗ ನೋಡಿ ನಮ್ಮತ್ತಿ ಎರಡು ದಿನ ಮಾತಾಡಿರಲಿಲ್ಲ, ಈಗ ಅವರ ‘ಎಸರು ಕಾಯ್ಲಿ ತಡಿಯಪ್ಪಾ, ಅವಸರ ಮಾಡಬ್ಯಾಡ’ ಅಂತ ಫೋನಿನ್ಯಾಗ ಹೇಳಿಕೊಡ್ತಾರ.

ಇದನ್ನೆಲ್ಲಾ ಯಾಕ ಹೇಳಾಕತ್ತೇನಿ ಅಂದ್ರ, ಈ ಖಾನಾವಳಿಗೆ ಹೋದಾಗ ನನ್ನ ಕಣ್ಣು ತಾಟಿಗಿಂತ ಮದ್ಲ ಅಡಗಿಮನಿ ಕಡೆ ಹೋತು. ಮೂರು ಮಂದಿ ಹೆಣ್ಮಕ್ಕಳು ಕುಂತು ಬಡೀತಿದ್ರು. ಒಬ್ಬಾಕಿ ಅಂಗೈ ಹಿಟ್ಟಿನ ಮ್ಯಾಲ ಬಿದ್ದಾಗೊಮ್ಮೆ ರೊಟ್ಟಿ ತಾನ ತಿರಗತಿತ್ತು, ತೆಳ್ಳಗಾದ ಮ್ಯಾಲ ಎರಡೂ ಕೈಲೆ ಎತ್ತಿ ಹಂಚಿಗೆ ಹಾಕಿ, ಒದ್ದಿ ಬಟ್ಟಿ ಅದರ ಮ್ಯಾಲ ಎಳದು, ಅಂಚು ಬಿಡೂತ್ಲೆ ಹೊರಳಸಾಕಿ. ಬಳೀನ ಸಪ್ಪಳ, ತಟ್ಟೋ ಸಪ್ಪಳ ಎರಡೂ ಕೂಡಿ ಬರ್ತಿದ್ವು. ಇಪ್ಪತ್ತು ವರ್ಷ ನಮ್ಮವ್ವ ಇದನ್ನ ಮಾಡೋದು ನೋಡೇನಿ, ಆದ್ರ ಒಮ್ಮೆನೂ ಹಿಂಗ ನಿಂತು ನೋಡಿರಲಿಲ್ಲ.

ಲಂಡನ್ನಿನ್ಯಾಗ ಥೇಮ್ಸ್ ದಂಡಿ ಮ್ಯಾಲ ಬಸವಣ್ಣನವರ ಮೂರ್ತಿ ಐತಿ, 2015ರಾಗ ನಿಲ್ಲಿಸಿದ್ದು. ಅವರು ಹುಟ್ಟಿದ ಬಸವನ ಬಾಗೇವಾಡಿ ನಮ್ಮೂರಿಂದ ಒಂದ್ ತಾಸಿನ ದಾರಿ, ಸಾಲಿ ಟ್ರಿಪ್ಪಿನ್ಯಾಗ ಒಮ್ಮೆ ಹೋಗಿದ್ದು ಬಿಟ್ರ ನಾನು ಅತ್ತ ಹಾದಿಲ್ಲ, ಆದ್ರ ಆ ಮೂರ್ತಿ ಮುಂದ ವರ್ಷಕ್ಕೊಮ್ಮೆ ನಿಲ್ತೇನಿ. ಮಗಳು ಅಲ್ಲಿ ‘ಕಾಯಕ ಅಂದ್ರೇನಮ್ಮಾ’ ಅಂತ ಕೇಳಿದ್ಲು, ವರ್ಕ್ ಅಂದೆ, ಅದು ಸಾಲಲಿಲ್ಲ ಅಂತ ಅವಳಿಗೂ ಗೊತ್ತಾತು. ಇಲ್ಲಿ ಅಡಗಿಮನಿ ಬಾಗಲಾಗ ಅವಳನ್ನ ನಿಲ್ಲಿಸಿ ಆ ಕೈ ತೋರಿಸಿದೆ.

ಈಗ ಕಡಕ್ ರೊಟ್ಟಿ ಮಾತು. ತಗೊಂಡು ಹೋಗಾಕ ಅರವತ್ತು ಬೇಕು ಅಂದಾಗ ಯಜಮಾನಿ ಅಕ್ಕಾರು ಅವು ಮಶೀನಿನಾಗ ಒತ್ತಿದ್ದು ಅಂದ್ರು. ನನಗ ಭಾಳ ಬ್ಯಾಸರ ಆತು, ಕೈಲೆ ಬಡದದ್ದ ಬೇಕ್ರಿ, ಅಷ್ಟು ದೂರದಿಂದ ಬಂದೇವಿ, ಎಷ್ಟಾದ್ರೂ ಕೊಡ್ತೇನಿ ಅಂದೆ. ಅವರು ಸಿಟ್ಟಿಗೇಳಲಿಲ್ಲ, ಬಲಗೈ ಎತ್ತಿ ತೋರಿಸಿದ್ರು, ಹೆಗಲಿನ ಮಟಾ ಬರಂಗಿಲ್ಲ ಅದು. ‘ಇಪ್ಪತ್ತೆರಡು ವರ್ಷ ಬಡದೇನಿ ತಂಗಿ. ನಿಮಗ ಕೈರೊಟ್ಟಿ ಬೇಕು ಖರೆ, ನಮ್ಮ ಭುಜ ಯಾರ ನೋಡಬೇಕು?’ ಅಂದ್ರು. ಬಿಸಿ ರೊಟ್ಟಿ ಅಷ್ಟ ಕೈಲೆ, ಅದೂ ಪಾಳಿ ಮ್ಯಾಲ, ಒಬ್ಬಾಕಿಗೆ ಎರಡು ತಾಸಿಗಿಂತ ಹೆಚ್ಚಿಲ್ಲ, ಕಡಕ್ ರೊಟ್ಟಿ ಮಶೀನಿಗೆ ಬಿಟ್ಟಾರಂತ.

ನನಗ ಮಾತ ಬರಲಿಲ್ಲ. ಯಾವ ಒಲಿ ಮುಂದಿಂದ ನಾನು ಎದ್ದು ಓಡಿ ಹೋಗಿದ್ನೋ ಅದರ ಮುಂದ ಇನ್ನೊಬ್ಬಾಕಿ ಕುಂಡ್ರಬೇಕು, ಯಾಕಂದ್ರ ನನಗ ಊರಿನ ನೆನಪು ಬೇಕು, ನಾನು ಕೇಳಿದ್ದು ಅದನ್ನ. ಹೊರಗಿದ್ದೋರು ಎಲ್ಲಾರೂ ಇದನ್ನ ಮಾಡ್ತೇವಿ, ಅಲ್ಲಿ ಸಂಕ್ರಾಂತಿಗೆ ಕನ್ನಡದೋರು ಕೂಡಿದ್ರ ‘ನಮ್ಮೂರಾಗ ಹಿಂಗ ಮಾಡ್ತಾರ’ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರ, ಪ್ರತಿಯೊಬ್ರ ಊರೂ ಅವರು ವಿಮಾನ ಹತ್ತಿದ ವರ್ಷದಾಗ ನಿಂತಿರ್ತೈತಿ. ಊರಾಗ ಇದ್ದೋರಿಗೆ ಹಂಗ ನಿಲ್ಲಾಕ ಆಗಂಗಿಲ್ಲ.

ಅಕ್ಕಾರ ಜೊತಿ ಮಾತಾಡೋದ್ರಾಗ ನಮ್ಮ ಯಜಮಾನ್ರು ನನಗೂ ಬಡಿಯಾಕ ಬರ್ತೈತಿ ಅಂದ್ರು. ಮೂರೂ ಮಂದಿ ನಕ್ಕು ಹಿಟ್ಟು ಕೊಟ್ರು. ಒಂದು ಬಡದ್ರು. ‘ಅಂಚು ಸೀಳಾಕತ್ತೈತ್ರಿ, ಇನ್ನೊಮ್ಮಿ ನಾದ್ರಿ’ ಅಂತ ತಿದ್ದಿದ್ರು, ಎರಡನೇದು ಉಬ್ಬಿತು, ಅದನ್ನ ಅಕ್ಕಾರು ತಾವ ಹಿಂಡಿ ಹಚ್ಕೊಂಡು ತಿಂದ್ರು.

ಕೊರತಿನೂ ಹೇಳಬೇಕು. ಅಡಗಿಮನ್ಯಾಗ ಹೊಗಿ ಹೋಗಾಕ ಒಂದ ಸಣ್ಣ ಕಿಡಕಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸ್ರಿ ಅಂತ ಕೈ ಮುಗದು ಕೇಳ್ಕೊಂಡೇನಿ. ಬಡಸೋ ಹುಡುಗ್ರು ಗಂಡಸರ ಟೇಬಲ್ಲಿಗೆ ಮದ್ಲ ಹೋಗ್ತಾರ, ಹೆಣ್ಮಕ್ಕಳಷ್ಟ ಹೋದ್ರ ಕೂಗಿ ಕರೀಬೇಕು. ಮದ್ಲ ಇದು ನನ್ನ ಕಣ್ಣಿಗೆ ಬೀಳ್ತಿರಲಿಲ್ಲ, ಈಗ ಬೀಳ್ತೈತಿ, ಸುಮ್ನಿರಾಕ ಆಗಂಗಿಲ್ಲ.

ಅರವತ್ತು ಮಶೀನ್ ರೊಟ್ಟಿನ ತಂದೆ. ರಟ್ಟಿನ ಡಬ್ಬ್ಯಾಗ ಪೇಪರ್ ಹಾಕಿ ಗಟ್ಟಿಯಾಗಿ ಕಟ್ಟಿಕೊಡ್ತಾರ, ರೆಡಿಂಗ್‌ನ್ಯಾಗ ಬಿಚ್ಚಿದಾಗ ನಾಕ ಮುರದಿದ್ವು. ಕೈಲೆ ಬಡದದ್ದಕ್ಕಿಂತ ಸ್ವಲ್ಪ ದಪ್ಪ, ಆದ್ರ ಜ್ವಾಳ ಹೊಸಾದು, ಮುರದ್ರ ಗರಿ ಅಂತೈತಿ, ನೀರು ಚಿಮಕಿಸಿ ಬಟ್ಟ್ಯಾಗ ಸುತ್ತಿಟ್ರ ಮೆತ್ತಗಾಗ್ತೈತಿ. ಇಂಗ್ಲೆಂಡಿಗೆ ಒಯ್ಯೋರು ರೊಟ್ಟಿ, ಹಿಂಡಿ ಒಯ್ರಿ, ಕುಂದಾ ಪೇಢಾ ಬ್ಯಾಡ, ಇಲ್ಲಿಂದ ಹಾಲಿನ ಪದಾರ್ಥ ಒಯ್ಯಾಕ ಅಲ್ಲಿ ಬಿಡಂಗಿಲ್ಲ. ಐವತ್ತಕ್ಕಿಂತ ಹೆಚ್ಚು ಬೇಕಾದ್ರ ಎರಡು ದಿನ ಮದ್ಲ ಹೋಗಿ ಹೇಳಿ ಬರ್ರಿ, ಮತ್ತ ಮಧ್ಯಾಹ್ನ ಒಂದರೊಳಗ ಊಟಕ್ಕ ಹೋಗ್ರಿ, ಎರಡಕ್ಕ ಎಣಗಾಯಿ ಖಾಲಿ.