ಮೂರು ಬೇಸಿಗೆ ಕಂಡ ನೀರಿನ ಬ್ಲಾಡರ್

ಬೆನ್ನಚೀಲದೊಳಗೆ ಕೂರುವ, ಪೈಪಿನಿಂದ ಹೀರುವ ಎರಡು ಲೀಟರಿನ ಬ್ಲಾಡರ್ ಇದು. ಕೊಂಡು ಮೂರು ವರ್ಷ ದಾಟಿತು. ಹಳದಿ ಕೊರಳಿನ ಪಿಕಳಾರ ಹಕ್ಕಿ ಹುಡುಕಿಕೊಂಡು ಸಂಡೂರಿನ ಗುಡ್ಡ ಅಲೆಯುವುದು ನನ್ನ ಭಾನುವಾರದ ಚಟ. ನಮ್ಮಜ್ಜನ ಕಾಲದಲ್ಲಿ ಇದೇ ಗುಡ್ಡಕ್ಕೆ ಮೊಲದ ಬೇಟೆಗೆ ಹೋಗುವವರು ಸೋರೆಬುರುಡೆಯಲ್ಲಿ ನೀರು ಕಟ್ಟಿಕೊಳ್ಳುತ್ತಿದ್ದರಂತೆ. ಬೇಟೆ ಈಗ ಅಪರಾಧ, ಬಿಸಿಲು ಮಾತ್ರ ಅದೇ.

ಬಾಟಲಿ ಇದ್ದಾಗ ಚೀಲ ಇಳಿಸಬೇಕಲ್ಲ ಅಂತ ಕುಡಿಯುವುದನ್ನೇ ಮುಂದೂಡುತ್ತಿದ್ದೆ. ಮಧ್ಯಾಹ್ನಕ್ಕೆ ತಲೆ ಸಿಡಿತ, ಮೂತ್ರ ಕಡುಹಳದಿ. ಈಗ ಪೈಪು ಹೆಗಲ ಮೇಲೇ ಇರುವುದರಿಂದ ನಡೆಯುತ್ತಲೇ ಎರಡೆರಡು ಗುಟುಕು ಹೋಗುತ್ತದೆ. ಕುಡಿದ ಮೇಲೆ ಪೈಪಿನ ನೀರನ್ನು ಊದಿ ಒಳಗೆ ತಳ್ಳಿಬಿಡಿ, ಇಲ್ಲದಿದ್ದರೆ ಮುಂದಿನ ಗುಟುಕು ಚಹಾದಷ್ಟು ಬಿಸಿ.

ದೊಡ್ಡ ದೋಷ ಅಂದರೆ ನೀರೆಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ಮೊದಲ ಏಪ್ರಿಲ್‌ನಲ್ಲಿ ರಾಮಗಡದ ಕಡೆಯಿಂದ ಇಳಿಯುವಾಗ ಪೈಪು ಗೊರ್ ಅಂದಿತು. ರಸ್ತೆಗೆ ಇನ್ನೂ ಒಂದು ತಾಸಿನ ನಡಿಗೆ, ನೆರಳೂ ಇಲ್ಲ. ಅಂದಿನಿಂದ ಒಂದು ಲೀಟರಿನ ಸ್ಟೀಲ್ ಬಾಟಲಿ ಬೇರೆಯೇ ಇರುತ್ತದೆ. ಬ್ಲಾಡರ್ ಅರ್ಧಕ್ಕೆ ಬಂತು ಅನ್ನಿಸಿದ ಕೂಡಲೇ ಹಿಂದಿರುಗುತ್ತೇನೆ.

ಒಮ್ಮೆ ಜಾಣತನ ಮಾಡಲು ಹೋಗಿ ಇದಕ್ಕೆ ಮಜ್ಜಿಗೆ ತುಂಬಿದ್ದೆ! ಎರಡು ವಾರ ಹುಳಿ ವಾಸನೆ ಬಿಡಲಿಲ್ಲ. ಓಆರ್‌ಎಸ್ ಹಾಕಿ ತೊಳೆಯದೆ ಇಟ್ಟಾಗ ಪೈಪಿನ ಬಾಗಿನಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಈಗ ಬ್ಲಾಡರಿಗೆ ಬರೀ ನೀರು, ಓಆರ್‌ಎಸ್ ಬಾಟಲಿಗೆ. ಒಂದು ಲೀಟರಿನ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು, ಅಂದಾಜು ಬೇಡ. ನಾಲ್ಕೈದು ತಾಸು ಬೆವರಿದ ಮೈಗೆ ಬರೀ ನೀರು ಸಾಲದು, ಉಪ್ಪೂ ಬೇಕು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಆ ಕೆಲಸವೂ ಆಯಿತು.

ದಾರಿಯ ಹೊಲದ ಬೋರ್‌ವೆಲ್ ನೀರು ತುಂಬಿಸಿಕೊಂಡರಾಯಿತು ಅನ್ನುವವರಿಗೊಂದು ಮಾತು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟರೆ ಬಹುತೇಕ ರೋಗಾಣು ಸಾಯುತ್ತವೆ, ಆದರೆ ನಮ್ಮ ಕಡೆಯ ಎಷ್ಟೋ ಬೋರುಗಳಲ್ಲಿರುವ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೂ ಹೋಗದು. ಹಾಗಾಗಿ ಮನೆಯಿಂದಲೇ ಹೊರುತ್ತೇನೆ, ಮೂರು ಲೀಟರ್ ಅಂದರೆ ಮೂರು ಕೆಜಿ. ಹೊರಟಾಗ ಭುಜ ಬೈಯುತ್ತದೆ, ಹನ್ನೊಂದು ಗಂಟೆಗೆ ಸುಮ್ಮನಾಗುತ್ತದೆ.

ಕಚ್ಚುವ ತುದಿಗೆ ಮುಚ್ಚಳ ಕೊಟ್ಟಿಲ್ಲ. ಅದಿರಿನ ಲಾರಿಗಳ ದಾರಿ ದಾಟಿದರೆ ಮೊದಲ ಗುಟುಕಿಗೇ ಕೆಂಪು ಮಣ್ಣು ಹಲ್ಲಿಗೆ ಸಿಗುತ್ತದೆ. ಮಾತ್ರೆ ಡಬ್ಬಿಯ ಮುಚ್ಚಳ ದಾರದಿಂದ ಕಟ್ಟಿಕೊಂಡಿದ್ದೇನೆ. ಎರಡನೇ ವರ್ಷ ತುದಿಯ ರಬ್ಬರ್ ಸೀಳಿ ಅಂಗಿ ತೊಯ್ದಿತು. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಬಿಡಿಭಾಗ ಬೇರೆ ಕಡೆ ತರಿಸಿದೆ.

ನನ್ನ ಅಂಕ ಐದಕ್ಕೆ ಮೂರೂವರೆ. ಕೊಳ್ಳುವುದಾದರೆ ಕೈ ಒಳಗೆ ಹೋಗುವಷ್ಟು ಬಾಯಿ ಅಗಲ ಇರುವುದನ್ನೇ ಕೊಳ್ಳಿ. ನನ್ನದು ಕಿರಿದು, ಅಡುಗೆ ಸೋಡಾ ಹಾಕಿ ಕುಲುಕಿ ತೊಳೆದು, ಒಳಗೆ ಮರದ ಸೌಟಿನ ಹಿಡಿ ತೂರಿಸಿ ತಲೆಕೆಳಗಾಗಿ ಒಣಹಾಕಬೇಕು. ಸೋಮವಾರ ಸಾರಿಗೆ ಸೌಟು ಹುಡುಕುವಾಗ ಮನೆಯವರು ಏನನ್ನುತ್ತಾರೆ ಅಂತ ಇಲ್ಲಿ ಬರೆಯುವುದಿಲ್ಲ.