ಟೈಮ್‌ಶೇರ್ ವೀಕ್ ಎಕ್ಸ್‌ಚೇಂಜ್ ಮಾಡಿಸಿಕೊಡ್ತೀವಿ ಅಂತ ಫೋನ್ ಬಂದರೆ ಓಟಿಪಿ ಕೊಡಬೇಡಿ

ಮೈಸೂರು, ಮಂಡ್ಯ ಕಡೆ ಟೈಮ್‌ಶೇರ್ ಇಟ್ಟುಕೊಂಡಿರುವವರು, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ (ವೀಕ್) ಇರುವ ಹಕ್ಕು ಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆ ವೀಕನ್ನು ಬೇರೆ ರೆಸಾರ್ಟಿನ ವೀಕಿಗೆ ಬದಲಾಯಿಸಿಕೊಳ್ಳುವುದಕ್ಕೆ ಎಕ್ಸ್‌ಚೇಂಜ್ ಅನ್ನುತ್ತಾರೆ, ಅದನ್ನು ಮಾಡಿಸುವ ಕಂಪನಿಗಳೇ ಇವೆ. "ನಿಮ್ಮ ವೀಕ್ ಸುಮ್ನೆ ಹಾಳಾಗ್ತಿದೆ ಮೇಡಂ, ಎಲ್ಲಾ ಎಕ್ಸ್‌ಚೇಂಜ್ ಕಂಪನಿಗಳನ್ನೂ ಹೋಲಿಸಿ ನೋಡಿ ಒಳ್ಳೆ ಟ್ರೇಡ್ ಮಾಡಿಸಿಕೊಡ್ತೀವಿ" ಅಂತ ಫೋನ್ ಮಾಡುವ ಏಜೆಂಟರು ಇದ್ದಾರೆ. ನಮಗೆ ಬಂದ ಫೋನ್ ಅಂಥದ್ದೇ. ದುಡ್ಡೂ ಹೋಯಿತು, ವೀಕೂ ಹೋಯಿತು, ಮನೆಯವರ ಮುಂದೆ ತಲೆ ತಗ್ಗಿಸುವ ಹಾಗಾಯಿತು. ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಒಂದು ರೆಸಾರ್ಟಿನಲ್ಲಿ ಒಂದು ಬೆಡ್‌ರೂಮಿನ ಯೂನಿಟ್, ದಸರಾ ವಾರ. ಅಡುಗೆಮನೆ ಇದೆ, ನಾಲ್ಕು ಜನ ಆರಾಮಾಗಿ ಮಲಗಬಹುದು. ದಸರಾ ರಜೆಯಲ್ಲಿ ಕೊಡಗಿನಲ್ಲಿ ರೂಮು ಸಿಗುವುದು ಎಷ್ಟು ಕಷ್ಟ ಅಂತ ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಜಂಬೂ ಸವಾರಿ ನೋಡಿಕೊಂಡು ಜನ ನೇರ ಮಡಿಕೇರಿ ದಾರಿ ಹಿಡಿಯುತ್ತಾರೆ. ಅಂಥ ವಾರ ನಮ್ಮ ಕೈಯಲ್ಲಿತ್ತು. ವರ್ಷಾ ವರ್ಷ ಎಎಂಸಿ (ರೆಸಾರ್ಟಿನ ವಾರ್ಷಿಕ ನಿರ್ವಹಣಾ ಶುಲ್ಕ) ತಪ್ಪದೆ ಕಟ್ಟಿಕೊಂಡು ಬಂದಿದ್ದೇವೆ.

ನಮ್ಮತ್ತೆಗೆ ಮುನ್ನಾರ್ ನೋಡಬೇಕು ಅಂತ ಬಹಳ ಆಸೆ. ಅವರು ಮಂಡ್ಯದಲ್ಲಿ ನಮ್ಮ ನಾದಿನಿ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ, ಹೊರಗಿನ ಊಟ ಆಗಲ್ಲ. ಆದ್ದರಿಂದ ಅಡುಗೆಮನೆ ಇರುವ ಯೂನಿಟ್ಟೇ ಬೇಕು, ಮೇ ತಿಂಗಳಲ್ಲೇ ಬೇಕು. ಕೊಡಗಿನ ವಾರ ಕೊಟ್ಟು ಮುನ್ನಾರ್‌ನಲ್ಲಿ ಒಂದು ವಾರ ತೆಗೆದುಕೊಳ್ಳೋಣ ಅಂತ ಮಾತಾಡುತ್ತಿದ್ದ ಹೊತ್ತಿಗೇ ಆ ಫೋನ್ ಬಂತು. ನಮ್ಮದು ಯಾವ ರೆಸಾರ್ಟ್, ಯಾವ ಸೀಸನ್, ಎಷ್ಟು ವರ್ಷದ ಮೆಂಬರ್‌ಶಿಪ್ ಅಂತ ಎಲ್ಲ ಅವನಿಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿರುವವನು ಕಂಪನಿಯ ಕಡೆಯವನೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ?

ಆಫೀಸು ಮೈಸೂರಿನಲ್ಲೇ, ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿ. ಎಸಿ, ಗಾಜಿನ ಬಾಗಿಲು, ಕಾಫಿ. ಟೇಬಲ್ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಚಾರ್ಟ್ ಇಟ್ಟ. ಮೂಲೆಯಲ್ಲಿ ಪ್ಲಾಸ್ಟಿಕ್ ಬಿಟ್ಟುಕೊಂಡಿತ್ತು, ಅಷ್ಟು ಜನರ ಕೈ ತಾಗಿದೆ ಅದಕ್ಕೆ. ಒಂದು ಸಾಲಲ್ಲಿ ಆರ್‌ಸಿಐ, ಒಂದು ಸಾಲಲ್ಲಿ ಇಂಟರ್ವಲ್ ಇಂಟರ್‌ನ್ಯಾಷನಲ್ (ಎರಡೂ ದೊಡ್ಡ ಎಕ್ಸ್‌ಚೇಂಜ್ ಕಂಪನಿಗಳು), ಕೊನೆಯಲ್ಲಿ ಇವರ ಹೆಸರು. ದೊಡ್ಡ ಕಂಪನಿಗಳ ಸಾಲಲ್ಲಿ ಕೆಂಪು ಗುರುತು ಜಾಸ್ತಿ, ಇವರ ಸಾಲು ಪೂರ್ತಿ ಹಸಿರು. "ಅವರ ಹತ್ರ ನೀವೇ ಹೋದ್ರೆ ವೇಟಿಂಗ್ ಲಿಸ್ಟ್ ಮೇಡಂ. ನಾವು ಎರಡೂ ಕಡೆ ಹಾಕ್ತೀವಿ, ಯಾರು ಜಾಸ್ತಿ ಬೆಲೆ ಕೊಡ್ತಾರೋ ಅವರಿಗೆ ನಿಮ್ಮ ವೀಕ್ ಕೊಡ್ತೀವಿ" ಅಂದ.

ಇದು ಶುದ್ಧ ಸುಳ್ಳು. ಇದು ಸುಳ್ಳು ಅಂತ ನನಗೆ ಆಮೇಲೆ ತಿಳಿಸಿದ್ದು ನಮ್ಮ ರೆಸಾರ್ಟಿಗೆ ಸಂಬಂಧಪಟ್ಟ ಎಕ್ಸ್‌ಚೇಂಜ್ ಕಂಪನಿಯ ಕಸ್ಟಮರ್ ಕೇರ್ ಹುಡುಗಿ. ಆರ್‌ಸಿಐ 1974ರಿಂದ ಇದೆ, ಇಂಟರ್ವಲ್ 1976ರಿಂದ ಇದೆ. ಎರಡೂ ಅಮೆರಿಕದಲ್ಲಿ ಶುರುವಾದ ಕಂಪನಿಗಳು. ಇಂಥ ದೊಡ್ಡ ಕಂಪನಿಗಳು ತಮ್ಮ ಜೊತೆ ಒಪ್ಪಂದ ಇರುವ ರೆಸಾರ್ಟಿನ ವೀಕ್ ಮಾತ್ರ ತೆಗೆದುಕೊಳ್ಳುತ್ತವೆ. ನಿಮ್ಮ ರೆಸಾರ್ಟ್ ಯಾವುದಕ್ಕೆ ಸೇರಿದೆಯೋ ಅಲ್ಲಿಗೇ ಹೋಗಬೇಕು. ಎಲ್ಲಾ ಕಡೆ ಹಾಕಿ ಹರಾಜು ಕೂಗಿಸುವ ವ್ಯವಸ್ಥೆಯೇ ಇಲ್ಲ. ಚಾರ್ಟೇ ಸುಳ್ಳು.

ಫೀಸು 35,000, ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 41,300 ರೂಪಾಯಿ. ರಸೀದಿಯಲ್ಲಿ ಜಿಎಸ್‌ಟಿ ಅಂತ ದುಡ್ಡು ಹಾಕಿದ್ದಾನೆ, ಜಿಎಸ್‌ಟಿ ನಂಬರ್ ಇಲ್ಲ. "ಡಿಪಾಸಿಟ್ ಮಾಡೋಕೆ ನಿಮ್ಮ ರೆಸಾರ್ಟ್ ಲಾಗಿನ್ ಬೇಕು, ಒಂದು ಓಟಿಪಿ ಬರುತ್ತೆ ಹೇಳಿ" ಅಂತ ನಮ್ಮೆದುರೇ ಕಂಪ್ಯೂಟರ್‌ನಲ್ಲಿ ಏನೋ ಒತ್ತಿದ. ಡಿಪಾಸಿಟ್ ಅಂದರೆ ನಮ್ಮ ವೀಕನ್ನು ಎಕ್ಸ್‌ಚೇಂಜ್ ಕಂಪನಿಗೆ ಒಪ್ಪಿಸುವುದು. "ಆಯ್ತು ಸರ್, ನಿಮ್ಮ ವೀಕ್ ಡಿಪಾಸಿಟ್ ಆಯ್ತು, ಮುನ್ನಾರ್ ಕನ್ಫರ್ಮ್" ಅಂತ ನಮ್ಮ ಯಜಮಾನ್ರ ಕೈ ಕುಲುಕಿದ. ಎದ್ದು ನಿಂತು ಕೈ ಕುಲುಕಿದ! ಅದು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತೆ.

ಮೇ ತಿಂಗಳಲ್ಲಿ ಹೊರಟೆವು. ಹಿಂದಿನ ರಾತ್ರಿಯೇ ಅತ್ತೆ ಮತ್ತು ನಾದಿನಿ ಮಂಡ್ಯದಿಂದ ನಮ್ಮ ಮನೆಗೆ ಬಂದರು. ಅಡುಗೆಮನೆ ಇದೆ ಅಂತ ಕುಕ್ಕರ್, ರಾಗಿ ಹಿಟ್ಟು, ಹುಳಿಪುಡಿ, ಮುದ್ದೆ ಕೋಲು ಸಮೇತ ಕಟ್ಟಿಕೊಂಡು ಬಂದಿದ್ದರು. ದಿಂಬಂ ಘಾಟಿಯ 27 ತಿರುವು ಇಳಿದು, ಉಡುಮಲೈಪೇಟೆ, ಮರಯೂರು ದಾಟಿ ಮುನ್ನಾರ್ ಸೇರುವಷ್ಟರಲ್ಲಿ ಅತ್ತೆ ಸುಸ್ತಾಗಿದ್ದರು. ಏಜೆಂಟ್ ಕೊಟ್ಟಿದ್ದ ಬುಕಿಂಗ್ ವೋಚರ್‌ನಲ್ಲಿದ್ದ ಜಾಗ ಮುನ್ನಾರ್‌ನಲ್ಲೇ ಇಲ್ಲ! ಊರು ದಾಟಿ ಮತ್ತೆ ಘಾಟಿ ಇಳಿದು ಅಡಿಮಾಲಿ ಕಡೆ ಹೋಗಬೇಕು. ಹೋದೆವು. ಮೇನ್ ರೋಡ್ ಪಕ್ಕ ಒಂದು ಹೋಟೆಲು, ಕೆಳಗೆ ಟೈರ್ ಅಂಗಡಿ.

ರಿಸೆಪ್ಷನ್‌ನಲ್ಲಿದ್ದ ಹುಡುಗ ವೋಚರ್ ನೋಡಿ ಎರಡು ಡಬಲ್ ರೂಮಲ್ಲ, ಒಂದೇ ರೂಮು ಅಂದ. ಯೂನಿಟ್ ಎಲ್ಲಿ ಅಂದೆ. ಹಾಗಂದರೆ ಏನು ಅಂತ ಅವನೇ ನನ್ನನ್ನು ಕೇಳಿದ. ಅಡುಗೆಮನೆ? ಇಲ್ಲ. ಏಳು ರಾತ್ರಿ? ಇಲ್ಲ, ಮೂರು ರಾತ್ರಿಗೆ ಮಾತ್ರ ದುಡ್ಡು ಬಂದಿದೆ. ಎಕ್ಸ್‌ಚೇಂಜ್ ಬುಕಿಂಗ್ ಅಲ್ವಾ ಇದು ಅಂದರೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದ. ಮಾಮೂಲಿ ಟ್ರಾವೆಲ್ ಏಜೆಂಟ್ ಬುಕಿಂಗ್, ರಾತ್ರಿಗೆ 3,200 ರೂಪಾಯಿ. ಅಂದರೆ ನಮ್ಮ ಕೊಡಗಿನ ದಸರಾ ವಾರಕ್ಕೆ ಸಿಕ್ಕಿದ್ದು 9,600 ರೂಪಾಯಿಯ ರೂಮು. ನಾನು ಆ ಸ್ಕ್ರೀನ್ ನೋಡುತ್ತಾ ನಿಂತುಬಿಟ್ಟೆ. ಹಿಂದೆ ಸೋಫಾದಲ್ಲಿ ಅತ್ತೆ ಹಿಟ್ಟಿನ ಚೀಲ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾರೆ. "ಏನಂತವ್ವಾ ಇವ್ರು, ರೂಮು ಕೊಡ್ತಾರೋ ಇಲ್ವೋ?" ಅಂತ ಕೇಳಿದರು. ಏನು ಹೇಳಲಿ ನಾನು? ನಾದಿನಿ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ. ನಮ್ಮ ಯಜಮಾನ್ರು ಕೈಯಿಂದ ದುಡ್ಡು ಹಾಕಿ ಇನ್ನೊಂದು ರೂಮು ತೆಗೆದರು.

ಅಲ್ಲಿಂದಲೇ ಏಜೆಂಟನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನಿಮಗೂ ಇದನ್ನೇ ಹೇಳುತ್ತಾರೆ.

"ಪೀಕ್ ಸೀಸನ್ ಮೇಡಂ, ಸಿಸ್ಟಂ ಏನು ಅಲಾಟ್ ಮಾಡುತ್ತೋ ಅದೇ."

ಕನ್ಫರ್ಮ್ ಅಂದಿದ್ದಿರಲ್ಲ ಅಂದರೆ, "ಮುನ್ನಾರ್ ಕನ್ಫರ್ಮ್ ಅಂದಿದ್ದೆ, ಅದೂ ಮುನ್ನಾರ್ ಏರಿಯಾನೇ."

ಅಡುಗೆಮನೆ ಎಲ್ಲಿ ಅಂದರೆ, "ರೆಸ್ಟೋರೆಂಟ್ ಇದೆಯಲ್ಲ ಮೇಡಂ."

ಉಳಿದ ನಾಲ್ಕು ರಾತ್ರಿ? "ಅದು ನಿಮ್ಮ ಅಕೌಂಟ್‌ನಲ್ಲಿ ಕ್ರೆಡಿಟ್ ಇದೆ. 18,000 ಕಟ್ಟಿ ಪ್ರೀಮಿಯಂಗೆ ಅಪ್‌ಗ್ರೇಡ್ ಮಾಡಿಕೊಂಡರೆ ಯಾವಾಗ ಬೇಕಾದರೂ ಯೂಸ್ ಮಾಡಬಹುದು."

ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಅಳು ಬರುವಂತಾಗಿರುವ ನನ್ನ ಹತ್ತಿರ ಇನ್ನೂ 18,000 ಕೇಳುತ್ತಾನೆ! ಅತ್ತೆಗೆ ಬರೀ ಇಡ್ಲಿ, ಅನ್ನ ತಿಂದು ಸಕ್ಕರೆ ಏರಿತು. ಮೂರು ದಿನಕ್ಕೇ ವಾಪಸ್ ಬಂದೆವು. ಆಫೀಸಿಗೆ ಹೋದರೆ "ಸರ್ ಮೀಟಿಂಗಲ್ಲಿದ್ದಾರೆ", "ಹೆಡ್ ಆಫೀಸಿಗೆ ಮೇಲ್ ಹಾಕಿದ್ದೀವಿ", "ಟಿಕೆಟ್ ರೈಸ್ ಆಗಿದೆ". ಇಷ್ಟೇ, ತಿಂಗಳುಗಟ್ಟಲೆ ಇಷ್ಟೇ.

ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ದಸರಾ ಆದ ಮೇಲೆ. ಕುಕ್ಕರಹಳ್ಳಿ ಕೆರೆಯಲ್ಲಿ ದಿನಾ ವಾಕಿಂಗ್‌ಗೆ ಸಿಗುವ ಒಬ್ಬರು ಕೊಡಗಿಗೆ ಹೋಗಿದ್ದ ಫೋಟೋ ತೋರಿಸಿದರು. ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ರೆಸಾರ್ಟ್! "ಮೂರು ರಾತ್ರಿಗೆ 27,000 ಆಯ್ತು ಕಣ್ರೀ, ಆದ್ರೆ ಅಡುಗೆಮನೆ ಎಲ್ಲ ಇದೆ, ಎಷ್ಟು ಚೆನ್ನಾಗಿದೆ ಗೊತ್ತಾ, ನೀವೂ ಒಂದ್ಸಲ ಹೋಗಿ ಬನ್ನಿ" ಅಂದರು. ಯಾರ ಹತ್ತಿರ ಬುಕ್ ಮಾಡಿದಿರಿ ಅಂತ ಕೇಳಿದೆ. ಫೋನಿನಲ್ಲಿದ್ದ ಸ್ಲಿಪ್ ತೆಗೆದು ತೋರಿಸಿದರು. ದುಡ್ಡು ತೆಗೆದುಕೊಂಡವನು ಅದೇ ಏಜೆಂಟ್. ಸ್ಲಿಪ್‌ನ ಕೆಳಗೆ 'ಮೆಂಬರ್ ಗೆಸ್ಟ್', ಅಂದರೆ ಮೆಂಬರ್ ಕಡೆಯ ಅತಿಥಿ ಅಂತ ಬರೆದು ಒಂದು ಮೆಂಬರ್‌ಶಿಪ್ ನಂಬರ್ ಇತ್ತು. ಆ ನಂಬರ್ ನನಗೆ ಬಾಯಿಪಾಠ. ಪ್ರತಿ ವರ್ಷ ಎಎಂಸಿ ಕಟ್ಟುವಾಗ ಹಾಕುವ ನಂಬರ್. ನಮ್ಮದೇ ನಂಬರ್.

ಅವರಿಗೆ ಪಾಪ ಏನೂ ಗೊತ್ತಿಲ್ಲ, ಒಳ್ಳೆ ಮನಸ್ಸಿನಿಂದ ಹೇಳುತ್ತಿದ್ದಾರೆ. ನನಗೆ ನಾಚಿಕೆಯೋ ಕೋಪವೋ, ನಿಂತ ನೆಲ ಕುಸಿದ ಹಾಗಾಯಿತು. ನಮ್ಮ ಮನೆಯನ್ನೇ ನಮ್ಮ ಪರಿಚಯದವರಿಗೆ ಬಾಡಿಗೆಗೆ ಕೊಟ್ಟು ನಮ್ಮನ್ನು ಟೈರ್ ಅಂಗಡಿ ಮೇಲೆ ಮಲಗಿಸಿದ್ದಾನೆ.

ಮನೆಗೆ ಬಂದು ಎಕ್ಸ್‌ಚೇಂಜ್ ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಹೆಸರಲ್ಲಿ ಒಂದು ವೀಕೂ ಡಿಪಾಸಿಟ್ ಆಗಿಲ್ಲ ಅಂದರು. ಆಗಿಯೇ ಇಲ್ಲ! ರೆಸಾರ್ಟಿಗೆ ಫೋನ್ ಮಾಡಿದರೆ, ನಿಮ್ಮ ಲಾಗಿನ್‌ನಿಂದಲೇ ಆ ವಾರ ಎರಡು ಗೆಸ್ಟ್ ಬುಕಿಂಗ್ ಆಗಿದೆ ಅಂದರು. ಅಂದರೆ ಅವತ್ತು ಓಟಿಪಿ ತೆಗೆದುಕೊಂಡು ನಮ್ಮೆದುರು ಕೂತು ಅವನು ಮಾಡಿದ್ದು ಎಕ್ಸ್‌ಚೇಂಜ್ ಅಲ್ಲ, ನಮ್ಮ ವಾರ ತನ್ನ ಕೈಗೆ ತೆಗೆದುಕೊಂಡಿದ್ದು. ಮೂರು ರಾತ್ರಿ 27,000ಕ್ಕೆ ಮಾರಿದ್ದಾನೆ. ಉಳಿದ ನಾಲ್ಕು ರಾತ್ರಿ ಯಾರಿಗೆ ಎಷ್ಟಕ್ಕೆ ಮಾರಿದನೋ. ನಮ್ಮಿಂದ 41,300 ಬೇರೆ.

ಆ ಕಸ್ಟಮರ್ ಕೇರ್ ಹುಡುಗಿ ತಾಳ್ಮೆಯಿಂದ ಎಲ್ಲ ಬಿಡಿಸಿ ಹೇಳಿದಳು. ಇದನ್ನು ಯಾರೂ ನಮಗೆ ಮೊದಲು ಹೇಳಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ವೀಕ್ ಡಿಪಾಸಿಟ್ ಆದರೆ ಎಕ್ಸ್‌ಚೇಂಜ್ ಕಂಪನಿಯಿಂದಲೇ ನಿಮಗೆ ಕನ್ಫರ್ಮೇಶನ್ ಬರುತ್ತೆ, ನಿಮ್ಮ ಅಕೌಂಟಿನಲ್ಲಿ ಕಾಣಿಸುತ್ತೆ. ಏಜೆಂಟ್ ಬಾಯಲ್ಲಿ ಹೇಳಿದರೆ ಅದು ಡಿಪಾಸಿಟ್ ಅಲ್ಲ. ಒಂದು ವೀಕಿನ ಬೆಲೆ (ದುಡ್ಡಲ್ಲ, ಅದಕ್ಕೆ ಬದಲಾಗಿ ಎಂಥ ವೀಕ್ ಸಿಗುತ್ತೆ ಅನ್ನುವ ಅಳತೆ) ಯಾರೋ ಚೌಕಾಸಿ ಮಾಡಿ ಏರಿಸುವಂಥದ್ದಲ್ಲ. ಸೀಸನ್, ಯೂನಿಟ್ಟಿನ ಸೈಜು, ಆ ಜಾಗಕ್ಕೆ ಎಷ್ಟು ಬೇಡಿಕೆ, ಎಷ್ಟು ಮುಂಚೆ ಡಿಪಾಸಿಟ್ ಮಾಡಿದಿರಿ, ಇವುಗಳ ಮೇಲೆ ನಿಂತಿರುತ್ತೆ. ಆರ್‌ಸಿಐನಲ್ಲಿ ಒಂಬತ್ತು ತಿಂಗಳು ಅಥವಾ ಅದಕ್ಕೂ ಮುಂಚೆ ಕೊಟ್ಟರೆ ಪೂರ್ತಿ ಬೆಲೆ, ತಡವಾದಷ್ಟೂ ಕಮ್ಮಿ. ನಿಮ್ಮ ವೀಕಿಗೆ ಎಷ್ಟು ಸಿಗುತ್ತೆ, ನಿಮಗೆ ಬೇಕಾದ ವೀಕಿಗೆ ಎಷ್ಟು ಬೇಕು ಅನ್ನುವುದು ಸ್ಕ್ರೀನ್ ಮೇಲೆ ನಂಬರ್ ಆಗಿ ಕಾಣುತ್ತೆ. ಜಾಸ್ತಿ ಬೆಲೆಯ ವೀಕ್ ಕೊಟ್ಟು ಕಮ್ಮಿ ಬೆಲೆಯದು ತೆಗೆದುಕೊಂಡರೆ ಉಳಿದದ್ದು ನಿಮ್ಮ ಲೆಕ್ಕಕ್ಕೇ ವಾಪಸ್ ಬರುತ್ತೆ. ಇಂಟರ್ವಲ್‌ನಲ್ಲಿ ಇನ್ನೊಂದು ದಾರಿಯೂ ಇದೆ: ವೀಕ್ ಕೈಬಿಡದೆ ಮೊದಲು ಕೋರಿಕೆ ಹಾಕುವುದು, ಒಪ್ಪುವ ಜಾಗ ಸಿಕ್ಕ ಮೇಲೆ ಮಾತ್ರ ನಿಮ್ಮ ವೀಕ್ ಹೋಗುತ್ತೆ. ಎಕ್ಸ್‌ಚೇಂಜ್‌ನಲ್ಲಿ ಸಿಕ್ಕ ವೀಕನ್ನು ಬಾಡಿಗೆಗೆ ಮಾರುವುದಕ್ಕೆ ಎರಡೂ ಕಂಪನಿಗಳ ನಿಯಮ ಒಪ್ಪಲ್ಲ. ಹಾಗಾಗಿ "ಎಕ್ಸ್‌ಚೇಂಜ್ ವೀಕ್ ಕಮ್ಮಿ ರೇಟಿಗೆ ಕೊಡ್ತೀವಿ" ಅಂತ ಯಾರಾದರೂ ಬಂದರೂ ದೂರ ಇರಿ.

ಇಷ್ಟೆಲ್ಲ ದಾಖಲೆ ಮುಂದಿಟ್ಟಾಗ ಏಜೆಂಟ್ ಏನಂದ ಗೊತ್ತಾ? "ಓಟಿಪಿ ನೀವೇ ಕೊಟ್ಟಿದ್ದು ಮೇಡಂ. ಅಗ್ರಿಮೆಂಟ್ ಓದಿ, ಕೇಸ್ ಹಾಕೋದಾದ್ರೆ ದೆಹಲಿಗೇ ಹೋಗಬೇಕು." ನಗುತ್ತಾ ಹೇಳಿದ. ನಮ್ಮ ಯಜಮಾನ್ರು ಅಂಥ ಸಮಾಧಾನದ ಮನುಷ್ಯ, ಅವರೇ ಟೇಬಲ್ ಗುದ್ದಿ ಎದ್ದರು.

ದೆಹಲಿಗೆ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಅವರ ಹೆಡ್ ಆಫೀಸ್ ಎಲ್ಲೇ ಇರಲಿ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಆಮೇಲೆ ನೋಟಿಸ್ ಕಳಿಸಿದೆವು. ನೋಟಿಸ್ ತಲುಪಿದ ಮೇಲೆ ಅವನಿಗೆ ನಮ್ಮ ನೆನಪಾಯಿತು, "ಮೇಡಂ 15,000 ವಾಪಸ್ ಕೊಡ್ತೀವಿ, ಸೆಟ್ಲ್ ಮಾಡ್ಕೊಳ್ಳೋಣ" ಅಂತ ಮೆಸೇಜ್ ಹಾಕಿದ. ನಾವು ಒಪ್ಪಿಲ್ಲ. ಮೈಸೂರು ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ವಾಕಿಂಗ್ ಗೆಳತಿ ತಮ್ಮ ಸ್ಲಿಪ್ಪಿನ ಪ್ರತಿ ಕೊಟ್ಟು ಸಾಕ್ಷಿ ಹೇಳುವುದಕ್ಕೂ ಒಪ್ಪಿದ್ದಾರೆ.

ನಿಮ್ಮ ರೆಸಾರ್ಟಿನ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ಲಾಗಿನ್ ಆಗಿ ನಿಮ್ಮ ಹೆಸರಲ್ಲಿ ಗೊತ್ತಿಲ್ಲದ ಗೆಸ್ಟ್ ಬುಕಿಂಗ್ ಇದೆಯಾ ಅಂತ ನೋಡಿ. ಎಕ್ಸ್‌ಚೇಂಜ್ ಬೇಕಿದ್ದರೆ ರೆಸಾರ್ಟಿನವರನ್ನೇ ಕೇಳಿ, ಎಕ್ಸ್‌ಚೇಂಜ್ ಕಂಪನಿಗೆ ನೀವೇ ಫೋನ್ ಮಾಡಿ, ನಡುವೆ ಯಾರೂ ಬೇಡ. ಮೈಸೂರಿನಲ್ಲೋ ಮಂಡ್ಯದಲ್ಲೋ ಕೆಂಪು ಹಸಿರು ಗುರುತಿನ ಅಂಥ ಚಾರ್ಟ್ ನಿಮಗೂ ತೋರಿಸಿದ್ದರೆ ನನಗೆ ಮೆಸೇಜ್ ಮಾಡಿ. ಒಂದೇ ರೀತಿ ಮೋಸ ಹೋದವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡುವುದಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ. ರಸೀದಿ, ವೋಚರ್, ಅವರು ಕಳಿಸಿದ ವಾಟ್ಸಾಪ್ ಮೆಸೇಜ್, ಯಾವುದನ್ನೂ ಅಳಿಸಬೇಡಿ.